ಮೊದಲು ದಿಬ್ಬದ ಹಿಂದೆ ಹೋಗಿ ನೋಡಿ, ಕೋವಿ ಆಮೇಲೆ

ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ಕಳೆದು ಒಂದು ತಿಂಗಳು ನನಗೆ ಬರೋದೆಲ್ಲ ಕೋವಿ ಪ್ರಶ್ನೆನೇ. ಸೆಪ್ಟೆಂಬರ್ 3ಕ್ಕೆ ಕೋವಿ ಹೊರಗೆ ತೆಗೆದು, ಎಣ್ಣೆ ಹಚ್ಚಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿ, ಕಡಂಬುಟ್ಟು ಪಂದಿಕರಿ (ಅಕ್ಕಿ ಕಡುಬು, ಹಂದಿ ಸಾರು) ತಿಂದು, ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ನಾಲ್ಕು ಗುಂಡು ಹೊಡೆದು, ಅದರಲ್ಲಿ ಮೂರು ಗಾಳಿಗೆ ಹೋದ್ಮೇಲೆ ಎಲ್ಲರಿಗೂ ಒಂದೇ ಯೋಚನೆ ಬರ್ತದೆ, ಛೆ ಸರಿಯಾಗಿ ಕಲಿಬೇಕಿತ್ತು ಅಂತ. ಈ ಸಲ ಐದು ಪ್ರಶ್ನೆ ತಗೊಂಡಿದ್ದೇನೆ. ಮೊದಲನೇದಕ್ಕೆ ಉತ್ತರ ಉದ್ದ ಆಯ್ತು, ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮಾವ, ನಾವು ಪೊನ್ನಂಪೇಟೆ ಕಡೆಯ ಒಂದು ಯುವಕ ಸಂಘ. ಎರಡು ದಿನದ ರೈಫಲ್ ತರಬೇತಿ ಇಡ್ಬೇಕು ಅಂತ ಆಸೆ, ಸುಮಾರು 20 ಜನ, ಪಾಯಿಂಟ್ ಟೂ ಟೂ (.22, ಸಣ್ಣ ತೋಟಾದ ರೈಫಲ್) ಮತ್ತೆ ಏರ್ ರೈಫಲ್. ನಮ್ಮಲ್ಲೊಬ್ಬ ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ ಅಲ್ಲಿ ಆ್ಯಪಲ್‌ಸೀಡ್ ಅನ್ನೋ ಎರಡು ದಿನದ ಶಿಬಿರಕ್ಕೆ ಹೋಗಿದ್ದನಂತೆ, ಅದೇ ತರ ಇಲ್ಲಿ ಮಾಡೋಣ ಅಂತಾನೆ. ನಮಗೆ ಹೋಗಿಬರುವ ದೂರದಲ್ಲಿ ಎರಡು ಕ್ಲಬ್ ಉಂಟು. ಒಂದು ಹೊಸದು, ಒಳ್ಳೊಳ್ಳೆ ರೈಫಲ್ ಇಟ್ಟಿದ್ದಾರೆ. ಇನ್ನೊಂದು ಹಳೇದು, ಶೀಟ್ ಹಾಕಿದ ಶೆಡ್ ಅಷ್ಟೇ. ಯಾವುದನ್ನ ಕೇಳೋದು? ಹೋಗಿ ಎಂತ ನೋಡ್ಬೇಕು?

ಉತ್ತರ: ಫೋನ್ ಮಾಡಿಯೇ ಹೋಗಿ, ಆದ್ರೆ ಅವರು ಪ್ರಾಕ್ಟೀಸ್ ಮಾಡೋ ದಿನವೇ ಹೋಗಿ. ಖಾಲಿ ರೇಂಜ್ ನೋಡಿದ್ರೆ ಏನೂ ಗೊತ್ತಾಗಲ್ಲ, ಮದುವೆ ಮುಗಿದ ಮಾರನೇ ದಿನ ಕಲ್ಯಾಣಮಂಟಪ ನೋಡಿದ ಹಾಗೆ. ಮತ್ತೆ ಕ್ಲಬ್‌ನವರು ಮೊದಲು ತೋರಿಸೋದು ಕೋವಿ ಕಪಾಟು, ಗೆದ್ದ ಕಪ್ಪು, ಗೋಡೆ ಮೇಲಿನ ಫೋಟೋ, ಅದನ್ನೆಲ್ಲ ಚೆನ್ನಾಗುಂಟು ಅಂತ ಹೇಳಿ ಕಾಫಿ ಕುಡಿದು ಎದ್ದು ಸೀದಾ ಬಟ್ ಕಡೆಗೆ ನಡೀರಿ. ಬಟ್ ಅಂದ್ರೆ ಗುರಿ ಹಲಗೆ ಹಿಂದೆ ಗುಂಡು ತಡೆಯೋಕೆ ಇರುವ ಮಣ್ಣಿನ ದಿಬ್ಬ, ಮಿಲಿಟರಿಯಲ್ಲಿದ್ದವರಿಗೆ ಬೇರೆ ಹೇಳ್ಬೇಕಾಗಿಲ್ಲ. ಅದರ ಮುಂದೆ ನಿಂತು ನೋಡಿದ್ರೆ ಸಾಲದು, ಹತ್ತಿ ಹಿಂದಕ್ಕೆ ಇಳಿದು ನೋಡ್ಬೇಕು.

ಯಾಕೆ ಹೇಳ್ತೀನಿ ಅಂದ್ರೆ ಸುಮಾರು ವರ್ಷದ ಹಿಂದೆ ಒಂದು ಕ್ಲಬ್‌ನವರು, ಹೆಸರು ಬೇಡ, ನಮ್ಮಲ್ಲಿ ಶಿಬಿರ ಮಾಡಿ ಅಂತ ನನ್ನನ್ನ ಕರೆದಿದ್ರು. ಜರ್ಮನ್ ರೈಫಲ್ ಏನು, ಹೊಸ ಮ್ಯಾಟ್ ಏನು, ಎಲ್ಲಾ ಉಂಟು. ಹಿಂದೆ ಎಂತ ಉಂಟು ಅಂತ ಕೇಳಿದ್ರೆ ಗುಡ್ಡ ಸಾರ್, ಏನಿಲ್ಲ ಅಂದ್ರು. ಮಳೆ ಬಿಟ್ಟು ವಾರ ಆಗಿತ್ತಷ್ಟೇ, ಜಿಗಣೆ ಕಿತ್ತು ಬಿಸಾಕ್ತಾ ಹತ್ತಿದೆ. ಆಚೆ ಬದಿಗೆ ಒಂದು ನಲ್ವತ್ತು ಹೆಜ್ಜೆ ಇಳಿದ್ರೆ ಸವೆದು ನುಣ್ಣಗಾದ ಕಾಲುದಾರಿ, ಕೆಸರಲ್ಲಿ ಹವಾಯಿ ಚಪ್ಪಲಿ ಗುರುತು, ಎಲೆಅಡಿಕೆ ಉಗುಳಿದ್ದು ಇನ್ನೂ ಕೆಂಪಗಿತ್ತು. ನಾನು ಅಲ್ಲಿ ನಿಂತಿದ್ದಾಗಲೇ ತೋಟದ ಲೈನ್‌ಮನೆ ಹೆಂಗಸೊಬ್ಬಳು ಸೌದೆ ಹೊರೆ ಹೊತ್ಕೊಂಡು ಬಂದ್ಲು. ಇಲ್ಲಿ ಓಡಾಡ್ತೀರಲ್ಲ, ಅಲ್ಲಿ ಗುಂಡು ಹೊಡೀತಾರೆ ಗೊತ್ತುಂಟಾ ಅಂದೆ. ಗೊತ್ತು ಸಾರ್, ಗೇಟಲ್ಲಿ ಕಾರು ಜಾಸ್ತಿ ನಿಂತಿದ್ರೆ ನಾವು ಆ ಕಡೆ ಸುತ್ತಿ ಹೋಗ್ತೀವಿ ಅಂದ್ಲು. ಆ ಕ್ಲಬ್‌ನಲ್ಲಿ ಸುರಕ್ಷತೆ ಅಂತ ಇದ್ದದ್ದು ಅಷ್ಟೇ ನೋಡಿ, ಅದೂ ಆ ಹೆಂಗಸಿನ ತಲೆಯಲ್ಲಿ. ನಾನು ಶಿಬಿರ ಆಗಲ್ಲ ಅಂದೆ, ಅವರಿಗೆ ಸಿಟ್ಟು ಬಂತು, ಇವತ್ತಿಗೂ ಮಾತಿಲ್ಲ.

ಪಾಯಿಂಟ್ ಟೂ ಟೂ ಅಂದ್ರೆ ಸಣ್ಣದು ಅಂತ ಅಸಡ್ಡೆ ಬೇಡ. ತೋಟಾ ಬಾಕ್ಸ್ ಮೇಲೇ ಒಂದೂವರೆ ಮೈಲಿ ಅಂತ ಪ್ರಿಂಟ್ ಮಾಡಿರ್ತಾರೆ, ಅಂದ್ರೆ ಎರಡು ಕಿಲೋಮೀಟರಿಗಿಂತ ಜಾಸ್ತಿ. ನಮ್ಮ ಊರಲ್ಲಿ ಎರಡು ಕಿಲೋಮೀಟರಿನೊಳಗೆ ಮನೆ ಇಲ್ಲದ ದಿಕ್ಕು ಯಾವುದುಂಟು ಹೇಳಿ.

ಆಮೇಲೆ ಒಂದು ಕೋಲು ತಗೊಂಡು ಬಟ್‌ನ ಮುಖಕ್ಕೆ ಚುಚ್ಚಿ ನೋಡಿ. ಮೆತ್ತಗೆ ಮಣ್ಣು ಸಿಗ್ಬೇಕು. ಕಲ್ಲು ಟಕ್ ಅಂದ್ರೆ ಗುಂಡು ಅಲ್ಲೇ ನಿಲ್ಲಲ್ಲ, ಸಿಡಿದು ಎತ್ತ ಬೇಕಾದ್ರೂ ಹೋಗ್ತದೆ. ವರ್ಷಕ್ಕೊಮ್ಮೆ ಮಣ್ಣು ಜರಡಿ ಹಿಡಿದು ಹಾಕ್ತಾರಾ, ಮಳೆಗೆ ಎಷ್ಟು ತೊಳೆದು ಹೋಗಿದೆ, ಕೇಳಿ. ಕೊಡಗಿನಲ್ಲಿ ಇನ್ನೊಂದು ಉಂಟು, ಗುಡ್ಡ ಕಡಿದು ಅದನ್ನೇ ಬಟ್ ಮಾಡಿದ ರೇಂಜ್‌ಗಳು. ನೋಡೋಕೆ ಎತ್ತರ, ಗಟ್ಟಿ, ಆದ್ರೆ 2018ರ ಆಗಸ್ಟಿನ ಗುಡ್ಡ ಕುಸಿತ ನೋಡಿದ ನಮಗೆ ಕಡಿದ ಬರೆ (ಗುಡ್ಡದ ಕಡಿದಾದ ಬದಿ) ಅಂದ್ರೆ ಎಂತ ಅಂತ ಗೊತ್ತಲ್ವಾ. ಮೇಲೆ ಬಿರುಕು ಉಂಟಾ, ನೀರು ಒಸರ್ತದಾ, ಅದನ್ನೂ ನೋಡಿ. ಬರೆ ಜರಿದು ಅರ್ಧ ಮೀಟರ್ ಮಣ್ಣು ಮುಂದೆ ಬಂದ್ರೆ ಗುರಿ ಹಲಗೆಯೂ ಹೋಯ್ತು.

ಬಟ್ ಸರಿ ಇದ್ರೆ ಅರ್ಧ ಕೆಲಸ ಮುಗೀತು. ಇನ್ನರ್ಧ ಜನ. ಹಿಂದೆ ಒಂದು ಕುರ್ಚಿ ಹಾಕ್ಕೊಂಡು ಒಂದು ಇಡೀ ಸೆಷನ್ ಸುಮ್ಮನೆ ಕೂತುಬಿಡಿ, ಮಾತಾಡ್ಬೇಡಿ. ಸೀಸ್ ಫೈರ್ ಅಂತ ಕೂಗಿದಾಗ ಎಂತ ಆಗ್ತದೆ ನೋಡಿ. ಬೋಲ್ಟ್ ಹಿಂದಕ್ಕೆ, ಮ್ಯಾಗಜಿನ್ ಹೊರಗೆ, ಚೇಂಬರಿಗೆ ಬಣ್ಣದ ಪ್ಲಾಸ್ಟಿಕ್ ಫ್ಲ್ಯಾಗ್, ರೈಫಲ್ ಕೆಳಗೆ, ಎಲ್ಲರೂ ಎದ್ದು ಗೆರೆಯ ಹಿಂದೆ, ಆಮೇಲೆಯೇ ಒಬ್ಬನಾದ್ರೂ ಗುರಿ ನೋಡೋಕೆ ಮುಂದೆ ಹೋಗ್ಬೇಕು. ಮುಂದೆ ಜನ ಇದ್ದಾಗ ಹಿಂದೆ ಯಾರೂ ಕೋವಿ ಮುಟ್ಟೋ ಹಾಗಿಲ್ಲ, ಬಟ್ಟೆಯಲ್ಲಿ ಒರೆಸೋಕೂ ಇಲ್ಲ, ಬರೀ ಸೈಟಲ್ಲಿ ಕಣ್ಣಿಟ್ಟು ನೋಡ್ತೀನಿ ಅಂತಲೂ ಇಲ್ಲ. ಒಬ್ಬ ಮುಟ್ಟಿದ ಅಂತ ಇಟ್ಕೊಳ್ಳಿ, ರೇಂಜ್ ಆಫೀಸರ್ ಬಯ್ದನಾ, ಅಥವಾ ನಮ್ಮವನೇ ಬಿಡು ಅಂತ ಬಿಟ್ಟನಾ? ಅದೂ ಆ ಮುಟ್ಟಿದವನು ಕ್ಲಬ್ಬಿನ ಅಧ್ಯಕ್ಷನೇ ಆಗಿದ್ರೆ? ನನಗೆ ಈ ಒಂದು ನಿಮಿಷ ಸಾಕು ಕ್ಲಬ್ ಅಳೆಯೋಕೆ. ನಿಮ್ಮ 20 ಜನ ಹೊಸಬರು, ಅವರು ಕಲಿಯೋದು ನೀವು ಹೇಳಿದ್ದನ್ನಲ್ಲ, ಅಲ್ಲಿ ಹಳಬರು ಮಾಡೋದನ್ನ.

ಈಗ ದೂರ. ನಿಮ್ಮ ಅಮೆರಿಕದ ಹುಡುಗ ಹೇಳಿದ್ದರಲ್ಲಿ ನಾವು ತಗೋಬೇಕಾದ ವಿಷಯ ಇದು. ಆ್ಯಪಲ್‌ಸೀಡ್‌ನವರು 25 ಮೀಟರಿನಲ್ಲೇ ಕಲಿಸ್ತಾರೆ, ದೂರಕ್ಕೆ ತಕ್ಕ ಹಾಗೆ ಗುರಿಯನ್ನ ಸಣ್ಣ ಮಾಡ್ತಾರೆ ಅಷ್ಟೇ, ಅದಕ್ಕೆ ದೊಡ್ಡ ರೇಂಜ್ ಬೇಡ. ಅವರ ಪರೀಕ್ಷೆಯಲ್ಲಿ 250ಕ್ಕೆ 210 ಬಂದ್ರೆ ರೈಫಲ್‌ಮನ್ ಅಂತ ಪಟ್ಟ. ನಡುನಡುವೆ 1775ರ ಏಪ್ರಿಲ್ 19ಕ್ಕೆ ಅವರ ಸ್ವಾತಂತ್ರ್ಯ ಯುದ್ಧ ಶುರುವಾದ ಕಥೆ ಹೇಳ್ತಾರೆ, ನಮಗೆ ಆ ಕಥೆ ಬೇಡ, ಬೇಕಾದ್ರೆ ಊಟದ ಹೊತ್ತಿಗೆ ಹಿರಿಯರೊಬ್ಬರನ್ನ ಕೂರಿಸಿ ನಮ್ಮ ಕೋವಿ ಕಥೆ ಹೇಳಿಸಿ. ಲೆಕ್ಕ ಮಾತ್ರ ನೋಡಿ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. 25 ಮೀಟರಿನಲ್ಲಿ ಐದು ಗುಂಡು ಆ ನಾಣ್ಯದೊಳಗೆ ಕೂತ್ರೆ 100 ಮೀಟರಿನಲ್ಲಿ ಅದು ನಾಲ್ಕರಷ್ಟು, ಸುಮಾರು 108 ಮಿಲಿಮೀಟರ್, ಅಂದ್ರೆ ಸುಲಿದ ಒಂದು ತೆಂಗಿನಕಾಯಿ. ನಾಣ್ಯಕ್ಕೆ ಹೊಡೆಯೋಕೆ ಬಂದವನಿಗೆ ಕಾಯಿ ತಾನಾಗೇ ಬರ್ತದೆ. ಆದ್ರಿಂದ ನಮ್ಮಲ್ಲಿ 100 ಮೀಟರ್ ಉಂಟು ಅಂತ ಕ್ಲಬ್‌ನವರು ಹೇಳಿದ್ರೆ ಮರುಳಾಗ್ಬೇಡಿ. ಆದ್ರೂ ಟೇಪ್ ಇಟ್ಕೊಂಡು ಹೋಗಿ, 25 ಅಂದದ್ದು ಎಷ್ಟೋ ಕಡೆ 22 ಇರ್ತದೆ, ನಾನೇ ಅಳೆದಿದ್ದೇನೆ. 22ರಲ್ಲಿ ನಾಣ್ಯ ಹೊಡೆದು ಬೀಗೋದು ಬೇಡ.

ಫೈರಿಂಗ್ ಪಾಯಿಂಟ್ ಎಷ್ಟು ಅಂತ ಎಣಿಸಿ. ಹತ್ತಿದ್ರೆ ನಿಮ್ಮ 20 ಜನಕ್ಕೆ ಎರಡು ಸರದಿ, ಒಬ್ಬ ಹೊಡೀತಿರ್ತಾನೆ, ಇನ್ನೊಬ್ಬ ಹಿಂದೆ ಕೂತು ಅವನ ಉಸಿರು, ಬೆರಳು ನೋಡ್ತಿರ್ತಾನೆ, ನೋಡಿ ಕಲಿಯೋದೇ ಜಾಸ್ತಿ. ಐದೇ ಇದ್ರೆ ನಾಲ್ಕು ಸರದಿ, ಮಧ್ಯಾಹ್ನದೊಳಗೆ ಅರ್ಧ ಜನ ಫೋನ್ ನೋಡ್ತಾ ಕೂರ್ತಾರೆ. ಮಲಗಿ ಹೊಡೆಯುವಷ್ಟು ಜಾಗ ಉಂಟಾ, ಬರೀ ಬೆಂಚ್ ಇಟ್ಟಿದ್ದಾರಾ? ಬೆಂಚ್ ಮೇಲೆ ಮರಳು ಚೀಲ ಇಟ್ಟು ಹೊಡೆದ್ರೆ ರೈಫಲಿಗೆ ಪರೀಕ್ಷೆ, ಮನುಷ್ಯನಿಗಲ್ಲ. ಸ್ಲಿಂಗ್ (ರೈಫಲಿನ ಪಟ್ಟಿ) ತೋಳಿಗೆ ಬಿಗಿದು ಮಲಗಿ, ಕಣ್ಣು ಮುಚ್ಚಿ ಒಂದೆರಡು ಉಸಿರು ಬಿಟ್ಟು ಕಣ್ಣು ಬಿಟ್ಟಾಗ ಸೈಟ್ ಗುರಿಯಲ್ಲೇ ಇರ್ಬೇಕು, ಇಲ್ಲದಿದ್ರೆ ಕೈಯಿಂದ ಎಳೆದು ತರ್ಬಾರ್ದು, ಹೊಟ್ಟೆಯಿಂದ ಕೆಳಗಿನ ಮೈಯನ್ನೇ ಸ್ವಲ್ಪ ಸರಿಸ್ಬೇಕು, ಇದನ್ನ ಕಲಿಸೋಕೆ ನೆಲ ಬೇಕು.

ದಿಕ್ಕು ಮರೀಬೇಡಿ. ರೇಂಜ್ ಉತ್ತರಕ್ಕೆ ಮುಖ ಮಾಡಿದ್ರೆ ಒಳ್ಳೇದು, ಸೂರ್ಯ ಕಣ್ಣಿಗೆ ಬರಲ್ಲ. ನಾನು ಮೊಟ್ಟಮೊದಲು ಮಾಡಿಸಿದ ಶಿಬಿರದಲ್ಲಿ ಬಟ್ ನೋಡಿದೆ, ಪೇಪರ್ ನೋಡಿದೆ, ಊಟ ನೋಡಿದೆ, ದಿಕ್ಕು ನೋಡಲಿಲ್ಲ. ಪಡುವಣಕ್ಕೆ ಮುಖ. ಮೂರೂವರೆ ಆದ್ಮೇಲೆ ಎಲ್ಲರೂ ಕಣ್ಣು ಕಿರಿದು ಮಾಡ್ಕೊಂಡು ಹೊಡೆದದ್ದು, ಬೆಳಿಗ್ಗೆ ನಾಣ್ಯದಷ್ಟಿದ್ದ ಗ್ರೂಪ್ (ಗುಂಡಿನ ತೂತುಗಳ ಗುಂಪು) ಸಂಜೆಗೆ ಅಕ್ಕಿ ರೊಟ್ಟಿ ತಟ್ಟೆಯಷ್ಟಾಯ್ತು, ಬಯ್ಗುಳ ನನಗೆ ಬಂತು.

ಪೇಪರ್ ವಿಷಯ ಚುಟುಕಾಗಿ ಹೇಳ್ತೀನಿ ಆದ್ರೆ ಸಣ್ಣದಲ್ಲ. ಅಮೆರಿಕದಲ್ಲಿ ಜನ ತಮ್ಮ ರೈಫಲ್ ಕಾರಲ್ಲಿ ಹಾಕ್ಕೊಂಡು ಶಿಬಿರಕ್ಕೆ ಬಂದುಬಿಡ್ತಾರೆ, ಇಲ್ಲಿ ಹಾಗಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ 1861ರಿಂದ ಬಂದದ್ದು, 2019ರಲ್ಲಿ ಕೇಂದ್ರ ಸರಕಾರ ಅದನ್ನ 2029ರ ತನಕ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ, ಎಲ್ಲಾ ಸರಿ, ಆದ್ರೆ ಅದು ಮನೆಯಲ್ಲಿ ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ. ನಾಲ್ಕು ಜನ ಸೇರಿಸಿ ರೇಂಜ್ ನಡೆಸೋಕೆ ಕೊಟ್ಟದ್ದಲ್ಲ. ಕ್ಲಬ್ಬಿಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಉಂಟಾ, ಚಾಲ್ತಿಯಲ್ಲಿ ಉಂಟಾ, ರಾಜ್ಯ ರೈಫಲ್ ಸಂಸ್ಥೆ ಜೊತೆ ಸಂಬಂಧ ಉಂಟಾ, ಸದಸ್ಯರಲ್ಲದವರು ಕ್ಲಬ್ ಕೋವಿಯಲ್ಲಿ ಹೊಡೀಬಹುದಾ ಅಥವಾ ನಿಮ್ಮ 20 ಜನರನ್ನ ಮೊದಲು ಸದಸ್ಯರಾಗಿ ಮಾಡ್ಕೋಬೇಕಾ, ಈ ಪ್ರಶ್ನೆಗಳನ್ನ ಕಾಗದದ ಮೇಲೆ ಬರೆದುಕೊಡಿ, ಉತ್ತರವನ್ನೂ ಕಾಗದದ ಮೇಲೇ ತಗೊಳ್ಳಿ. ಜಿಲ್ಲಾಧಿಕಾರಿ ಕಚೇರಿಗೂ ಠಾಣೆಗೂ ಒಂದೊಂದು ಪತ್ರ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಎಲ್ಲಾ ಗೊತ್ತಿರೋ ಮುಖ, ಫೋನಲ್ಲಿ ಹೇಳಿದ್ದೇನೆ ಅನ್ನೋ ಕಾರ್ಯದರ್ಶಿ ಇದ್ರೆ ಹುಷಾರು. ತೋಟಾ ಯಾರ ಲೆಕ್ಕದಲ್ಲಿ ಬರ್ತದೆ ಅದನ್ನೂ ಕೇಳಿ, ನಿಮ್ಮ ಲೈಸೆನ್ಸಿಗೆ ಕೊಂಡದ್ದನ್ನ ಪಕ್ಕದವನ ಕೈಗೆ ಹಂಚೋಕೆ ಅದು ಶುಂಠಿ ಮಿಠಾಯಿ ಅಲ್ಲ.

ಫೋನ್ ಸಿಗ್ನಲ್. ನಗಬೇಡಿ. ಫೈರಿಂಗ್ ಪಾಯಿಂಟಲ್ಲಿ ನಿಂತು 108ಕ್ಕೆ ಕಾಲ್ ಹೋಗ್ತದಾ? ಇಲ್ಲದಿದ್ರೆ ಎಲ್ಲಿ ಹೋಗ್ತದೆ, ಯಾವ ಬಂಡೆ ಮೇಲೆ ನಿಲ್ಬೇಕು, ಒಬ್ಬ ಹುಡುಗನಿಗೆ ಅದೇ ಕೆಲಸ ಕೊಡಿ. ಅಲ್ಲಿಂದ ಗೋಣಿಕೊಪ್ಪಲಿಗೋ ವಿರಾಜಪೇಟೆ ಆಸ್ಪತ್ರೆಗೋ ಎಷ್ಟು ನಿಮಿಷ, ಮಡಿಕೇರಿಗೆ ಎಷ್ಟು, ಸ್ವತಃ ಗಾಡಿ ಓಡಿಸಿ ನೋಡಿ. ಗೂಗಲ್ ಹೇಳಿದ ಟೈಮು ನಮ್ಮ ರಸ್ತೆಗೆ ಅನ್ವಯಿಸಲ್ಲ.

ತಾರೀಖು ಮಾತ್ರ ನಿಮ್ಮ ಕರ್ಮ. ಜೂನಿಂದ ಸೆಪ್ಟೆಂಬರ್ ಮಳೆ, ಅಕ್ಟೋಬರ್ ನಡುವಿಗೆ ತಲಕಾವೇರಿ ತೀರ್ಥೋದ್ಭವ, ಆಮೇಲೆ ಪುತ್ತರಿ (ಸುಗ್ಗಿ ಹಬ್ಬ), ಅರೇಬಿಕಾ ಕಾಫಿ ಕೊಯ್ಲು, ಅದು ಮುಗಿಯೋಷ್ಟರಲ್ಲಿ ರೊಬಸ್ಟಾ, ಕಾಫಿ ಹೂ ಬಿಡಿಸೋ ಹೂಮಳೆ ಬರಲಿಲ್ಲ ಅಂತ ಸ್ಪ್ರಿಂಕ್ಲರ್, ಮಾರ್ಚಲ್ಲಿ ಮಕ್ಕಳಿಗೆ ಪರೀಕ್ಷೆ, ಏಪ್ರಿಲ್ ಮೇ ಹಾಕಿ ನಮ್ಮೆ (ಕೊಡವ ಮನೆತನಗಳ ಹಾಕಿ ಹಬ್ಬ) ಮತ್ತೆ ಮದುವೆ. ಇದರ ಮೇಲೆ ಚುನಾವಣೆ ಬಂತಂದ್ರೆ ಕೋವಿ ಠಾಣೆಯಲ್ಲಿಡೋ ಮಾತು ಬರ್ತದೆ. ನಾನಾದ್ರೆ ಕಾವೇರಿ ಸಂಕ್ರಮಣ ಕಳೆದು ಪುತ್ತರಿ ಒಳಗೆ ಒಂದು ಶನಿವಾರ ಭಾನುವಾರ ಹಿಡೀತೇನೆ, ಬೆಳಿಗ್ಗೆ ಮಂಜು ಇರ್ತದೆ, ಒಂಬತ್ತರ ತನಕ ಒಂದು ಗುಂಡೂ ಹೊಡೆಸದೆ ಬರೀ ಸುರಕ್ಷತೆ ಪಾಠ, ಖಾಲಿ ರೈಫಲಲ್ಲಿ ಟ್ರಿಗರ್ ಅಭ್ಯಾಸ.

ಎರಡರಲ್ಲಿ ಯಾವುದು ಅಂತ ಕೇಳಿದ್ರಿ. ನೋಡದೆ ಹೇಳೋದು ತಪ್ಪು, ಆದ್ರೂ ಶೀಟ್ ಶೆಡ್ಡಿನವರ ಕಡೆಗೆ ನನ್ನ ಮನಸ್ಸು ವಾಲ್ತದೆ. ರೈಫಲ್ ಬೇಕಾದ್ರೆ ಯಾವಾಗ್ಲೂ ಕೊಳ್ಳಬಹುದು. ಬಟ್ ಹಿಂದೆ ದಾರಿ ಇದ್ರೆ ಆ ದಾರಿ ಎತ್ತಿ ಬೇರೆ ಕಡೆ ಇಡೋಕಾಗಲ್ಲ.

ಪ್ರಶ್ನೆ: ಕ್ಲಬ್ ಗಿಬ್ ಯಾಕೆ ಸಾರ್? ಸೋಮವಾರಪೇಟೆ ಹತ್ರ ನಮ್ಮದೇ ತೋಟ ಉಂಟು, ಕೆಳಗೆ ಗದ್ದೆ, ಎದುರಿಗೆ ಒಳ್ಳೆ ಇಳಿಜಾರು. ಗೆಳೆಯರೆಲ್ಲ ಸೇರಿ ಅಲ್ಲೇ ಪ್ರಾಕ್ಟೀಸ್ ಮಾಡಿದ್ರೆ ಆಯ್ತಲ್ಲ?

ಉತ್ತರ: ಆಗಲ್ಲ. ಜಾಗ ನಿಮ್ಮದು, ಗುಂಡು ಹೋಗಿ ಬೀಳೋ ಜಾಗ ಯಾರದ್ದೋ. ಇಳಿಜಾರಲ್ಲಿ ಬಂಡೆ ಎಷ್ಟುಂಟು ಅಂತ ಕಾಫಿ ಗಿಡದ ಕೆಳಗೆ ಕಾಣಲ್ಲ, ಗದ್ದೆಯಲ್ಲಿ ನೀರು ನಿಂತಿದ್ರೆ ನೀರಿನ ಮೇಲೂ ಗುಂಡು ಚಿಮ್ಮಿ ಹೋಗ್ತದೆ, ಚಪ್ಪಟೆ ಕಲ್ಲು ಎಸೆದಾಗ ಜಿಗಿಯುತ್ತಲ್ಲ ಹಾಗೆ. ಆರ್ಮ್ಸ್ ಕಾಯಿದೆಗೆ 2019ರ ತಿದ್ದುಪಡಿ ಆದ್ಮೇಲೆ ಸಂಭ್ರಮಕ್ಕೆ ಅಂತ ಬೇಕಾಬಿಟ್ಟಿ ಹೊಡೆದು ಬೇರೆಯವರಿಗೆ ಅಪಾಯ ಮಾಡಿದ್ರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಎರಡೂ ಆಗಬಹುದು. ನೀವು ಪ್ರಾಕ್ಟೀಸ್ ಅಂತೀರಿ, ಪಕ್ಕದ ತೋಟದವನು ಅದನ್ನ ಬೇರೆ ತರ ಹೇಳ್ತಾನೆ. ಮತ್ತೆ ಹಗಲು ತೋಟದಲ್ಲಿ ಮಲಗಿರೋ ಆನೆಗೆ ನಿಮ್ಮ ಶನಿವಾರದ ಕಾರ್ಯಕ್ರಮ ಗೊತ್ತಿರಲ್ಲ, ಸದ್ದಿಗೆ ಎದ್ದು ಎತ್ತ ಓಡ್ತದೋ ಅತ್ತ ಕೊಯ್ಯುವವರು ಇದ್ರೆ?

ಒಂದು ಮಾತು ಇಲ್ಲೇ ಸೇರಿಸ್ತೇನೆ. ಕೆಲವು ಕಡೆ ತೆಂಗಿನಕಾಯಿಯನ್ನ ಎತ್ತರದ ಮರಕ್ಕೆ ಕಟ್ಟಿ ಹೊಡೀತಾರೆ. ಛರ್‍ರೆ (ಸಣ್ಣ ಸೀಸದ ಕಾಳು) ತೋಟಾದಲ್ಲಿ ಹೊಡೆದ್ರೆ ಛರ್‍ರೆ ಬೇಗ ಶಕ್ತಿ ಕಳ್ಕೊಂಡು ಇನ್ನೂರು ಮುನ್ನೂರು ಮೀಟರಿನೊಳಗೆ ಬೀಳ್ತದೆ. ಅದೇ ಮರಕ್ಕೆ ರೈಫಲಲ್ಲಿ ಹೊಡೆದ್ರೆ ಹಿಂದೆ ಬಟ್ ಅಂತ ಇರೋದು ಆಕಾಶ. ನಮ್ಮೂರ ಹಿರಿಯರಿಗೆ ಇದನ್ನ ಹೇಳೋಕೆ ಹೋಗಿ ನಾನು ಎರಡು ವರ್ಷ ಬಹುಮಾನ ವಿತರಣೆಗೆ ಕರೆಸ್ಕೊಂಡಿಲ್ಲ.

ಪ್ರಶ್ನೆ: ನಾವು ಕೊಡವರಲ್ಲ, ಕುಶಾಲನಗರದಲ್ಲಿ ಅಂಗಡಿ ಇಟ್ಟಿದ್ದೇವೆ, ಮನೆಯಲ್ಲಿ ಕೋವಿ ಇಲ್ಲ. ಮಗನಿಗೆ 13 ವರ್ಷ, ಟಿವಿಯಲ್ಲಿ ಒಲಿಂಪಿಕ್ ನೋಡಿದಾಗಿಂದ ಶೂಟಿಂಗ್ ಶೂಟಿಂಗ್ ಅಂತಿದ್ದಾನೆ. ಇಂಥ ಶಿಬಿರಕ್ಕೆ ನಮ್ಮನ್ನ ಸೇರಿಸ್ಕೊಳ್ತಾರಾ? ಏರ್‌ಗನ್ ಮಕ್ಕಳಾಟ ಅಂತ ಅಂಗಡಿಗೆ ಬರೋರು ನಗ್ತಾರೆ.

ಉತ್ತರ: ಧಾರಾಳವಾಗಿ ಕಳಿಸಿ. ಆಟಕ್ಕೂ ವಿನಾಯಿತಿಗೂ ಸಂಬಂಧ ಇಲ್ಲ. 12 ತುಂಬಿದ ಮಕ್ಕಳು ಮೇಲ್ವಿಚಾರಣೆಯಲ್ಲಿ ತರಬೇತಿ ತಗೋಬಹುದು. ಏರ್ ರೈಫಲಿನ ನಳಿಗೆಯ ಒಳ ಅಳತೆ 4.5 ಮಿಲಿಮೀಟರ್ ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ರೆ ಲೈಸೆನ್ಸೂ ಬೇಡ.

ನಗೋರಿಗೆ ಹೇಳಿ, 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದದ್ದು ಆ ಮಕ್ಕಳಾಟದಲ್ಲೇ, 10 ಮೀಟರ್ ಏರ್ ರೈಫಲ್. 2012ರಲ್ಲಿ ಗಗನ್ ನಾರಂಗ್ ಕಂಚು ತಂದದ್ದೂ ಅದರಲ್ಲೇ. ಅಲ್ಲಿ ಹತ್ತು ಅಂಕದ ಗುರಿ ಎಷ್ಟು ದೊಡ್ಡದು ಗೊತ್ತಾ, ಅರ್ಧ ಮಿಲಿಮೀಟರಿನ ಚುಕ್ಕೆ. ರಾಗಿ ಕಾಳು ಅದರ ಮುಂದೆ ಗುಡ್ಡ. ಅದಕ್ಕೆ 60 ಸಲ ಹೊಡೀಬೇಕು. ಅಂಗಡಿಗೆ ಬರೋರು ಒಂದು ಸಲ ಹೊಡೆದು ತೋರಿಸ್ಲಿ.

ಆದ್ರೆ ಮಗನಿಗೆ ಏರ್ ರೈಫಲ್ ಕೊಡಿಸಿ ಮನೆ ಹಿಂದೆ ಬಿಡ್ಬೇಡಿ. ಒಂದು ವಾರ ಡಬ್ಬಿಗೆ ಹೊಡೀತಾನೆ, ಎರಡನೇ ವಾರ ಹಕ್ಕಿಗೆ, ಅದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಕ್ಲಬ್ ನೋಡೋಕೆ ಹೋದಾಗ ಮಗನನ್ನೂ ಕರ್ಕೊಂಡು ಹೋಗಿ. ಅಲ್ಲಿಯ ಕೋಚ್ ಮೊದಲ ದಿನವೇ ಕೈಗೆ ಪೆಲೆಟ್ (ಏರ್ ರೈಫಲಿನ ಗುಂಡು) ಕೊಟ್ರೆ ಬೇರೆ ಕಡೆ ನೋಡಿ. ಒಂದು ವಾರ ಬರೀ ನಿಲ್ಲಿಸಿದ್ರೆ, ಮಗ ಮನೆಗೆ ಬಂದು ಬೋರು ಅಂದ್ರೆ, ಸರಿಯಾದ ಕೋಚ್ ಸಿಕ್ಕಿದ್ದಾರೆ ಅಂತ.

ಪ್ರಶ್ನೆ: ಅಣ್ಣ, ನಾನು ವಿರಾಜಪೇಟೆ ಕಡೆಯವಳು, ವಯಸ್ಸು 38. ಮನೆಯಲ್ಲಿ ಕೋವಿ ಮಧ್ಯೆಯೇ ಬೆಳೆದವಳು ಆದ್ರೆ ಹಬ್ಬದ ದಿನ ಒಂದು ಗುಂಡು ಹೊಡೆದು ಭುಜ ನೋವು ಮಾಡ್ಕೊಳ್ಳೋದು ಬಿಟ್ರೆ ಕಲಿತದ್ದು ಇಲ್ಲ. ಬಲಗೈಯವಳು, ಆದ್ರೆ ಎಡಗಣ್ಣು ಮುಚ್ಚೋಕೆ ಆಗಲ್ಲ. ಕ್ಲಬ್ಬುಗಳಲ್ಲಿ ಹೆಂಗಸರಿಗೆ ಸರಿ ಹೋಗ್ತದಾ?

ಉತ್ತರ: ತಂಗಿ, ಮೊದಲು ಕಣ್ಣಿನದ್ದು ನೋಡುವ. ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳು ತೋರುಬೆರಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟು ಅದರೊಳಗಿಂದ ಗೋಡೆ ಗಡಿಯಾರ ನೋಡಿ. ಈಗ ಎಡಗಣ್ಣು ಕೈಯಲ್ಲಿ ಮುಚ್ಚಿಸಿ, ಬೇರೆಯವರ ಕೈಯಲ್ಲೇ. ಗಡಿಯಾರ ಮಾಯ ಆಯ್ತಾ? ಹಾಗಾದ್ರೆ ನಿಮ್ಮ ಯಜಮಾನ ಕಣ್ಣು, ಅಂದ್ರೆ ಗುರಿಗೆ ಮುಂದಾಗೋ ಕಣ್ಣು, ಎಡದ್ದು. ಅಂಥವರು ರೈಫಲ್ ಎಡ ಭುಜಕ್ಕೇ ಇಟ್ಟು ಕಲಿತ್ರೆ ಒಳ್ಳೇದು, ಒಂದು ದಿನ ಕಷ್ಟ, ಆಮೇಲೆ ನಿಮಗೇ ಆಶ್ಚರ್ಯ. ಇಷ್ಟು ವರ್ಷ ಕಾಯಿ ತಪ್ಪಿದ್ದು ನಿಮ್ಮ ಕೈಯಿಂದ ಆಗಿರಲಿಕ್ಕಿಲ್ಲ.

ಭುಜ ನೋವಾದದ್ದು 12 ಬೋರಿನ ಒದೆತಕ್ಕೆ, ಅದರ ಹಿಡಿ (ಭುಜಕ್ಕೆ ಒತ್ತೋ ಮರದ ಭಾಗ) ಮನೆ ಗಂಡಸರ ತೋಳಿನ ಅಳತೆಯದ್ದು. ಪಾಯಿಂಟ್ ಟೂ ಟೂನಲ್ಲಿ ಒದೆತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕ್ಲಬ್ಬಿಗೆ ಹೋದಾಗ ಗಿಡ್ಡ ಹಿಡಿಯ ರೈಫಲ್ ಉಂಟಾ ಕೇಳಿ, ಎಡಗೈ ಬೋಲ್ಟಿನದ್ದು ಇದ್ರೆ ಅದೃಷ್ಟ. ಟಾಯ್ಲೆಟ್ ಬಾಗಿಲಿಗೆ ಚಿಲಕ ಉಂಟಾ, ನೀರು ಬರ್ತದಾ, ನಾಚಿಕೆ ಬಿಟ್ಟು ಹೋಗಿ ನೋಡಿ, ನನ್ನ ಹೆಂಡತಿ ಒಂದು ಕ್ಲಬ್ಬನ್ನ ಬರೀ ಅದರ ಮೇಲೇ ಬೇಡ ಅಂದಿದ್ಲು, ಆಮೇಲೆ ನೋಡಿದ್ರೆ ಅಲ್ಲಿ ಉಳಿದದ್ದೂ ಹಾಗೇ ಇತ್ತು. ಕುತ್ತಿಗೆ ಮುಚ್ಚೋ ಟೀ ಶರ್ಟ್ ಹಾಕ್ಕೊಳ್ಳಿ, ಪಕ್ಕದವರ ಬಿಸಿ ಖಾಲಿ ಕೇಸ್ (ಹಾರಿದ ತೋಟಾದ ಕವಚ) ಕಾಲರ್ ಒಳಗೆ ಬಿದ್ರೆ ಕುಣಿಯೋಕೆ ಶುರು ಮಾಡ್ತೀರಿ, ಕೈಯಲ್ಲಿ ರೈಫಲ್ ಇರ್ತದೆ. ಕಿವಿಗೆ ಮಫ್ ಬೇಕೇ ಬೇಕು, ಪಾಯಿಂಟ್ ಟೂ ಟೂ ಕೂಡ 140 ಡೆಸಿಬಲ್ ಆಸುಪಾಸು. ಹೊಡೆದು ಆದ್ಮೇಲೆ ಸೋಪ್ ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ, ಸೀಸದ ಪುಡಿ ಕಣ್ಣಿಗೆ ಕಾಣಲ್ಲ. ಬಸುರಿ ಇದ್ರೆ ಈ ವರ್ಷ ಬಿಟ್ಟು ಮುಂದಿನ ಸಲ.

ಸರಿ ಹೋಗ್ತದಾ ಅಂತ ಕೇಳಿದ್ರಲ್ಲ, ಒಬ್ಬರೇ ಹೋಗ್ಬೇಡಿ, ಮೂರು ಜನ ಹೋಗಿ. ಮೂರು ಜನ ಹೆಂಗಸರು ಮ್ಯಾಟ್ ಹಾಕಿ ಮಲಗಿದ್ರೆ ಸಲಹೆ ಕೊಡೋಕೆ ಬರೋ ಗಂಡಸರ ಸಂಖ್ಯೆ ತನ್ನಷ್ಟಕ್ಕೆ ಕಮ್ಮಿ ಆಗ್ತದೆ.

ಪ್ರಶ್ನೆ: ನಾನು ಒಂದು ಸಣ್ಣ ಕ್ಲಬ್ಬಿನ ಕಾರ್ಯದರ್ಶಿ, ಊರು ಹಾಕ್ಬೇಡಿ. ನಿಮ್ಮಂಥವರು ಬರೆದದ್ದು ಓದಿ ಜನ ಹೆಣ್ಣು ನೋಡೋಕೆ ಬಂದ ಹಾಗೆ ಬರ್ತಾರೆ, ಕಾಫಿ ಕುಡೀತಾರೆ, ತಪ್ಪು ಹುಡುಕಿ ಹೋಗ್ತಾರೆ. ಒಂದು ತಂಡಕ್ಕೆ ಜಾಗ ಕೊಟ್ಟೆವು, ಗುರಿ ಫ್ರೇಮ್ ಮುರಿದು, ಬಿರಿಯಾನಿ ಪೊಟ್ಟಣ ಬಿಸಾಕಿ, ಕೊನೆಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಮಗೆ ಎಂತ ಲಾಭ ಸ್ವಾಮಿ?

ಉತ್ತರ: ಸತ್ಯ, ತಪ್ಪು ನಮ್ಮ ಕಡೆಯೂ ಉಂಟು. ಕ್ಲಬ್ ನೋಡೋಕೆ ಹೋಗೋರು ಬರೀ ಟೇಪ್ ಹಿಡ್ಕೊಂಡು ಹೋಗಬಾರ್ದು, ಹಾರೆ ಬುಟ್ಟಿಯನ್ನೂ ಹಿಡ್ಕೊಂಡು ಹೋಗ್ಬೇಕು. ಶಿಬಿರಕ್ಕೆ ಒಂದು ವಾರ ಮೊದಲು ಒಂದು ದಿನ ಅವರ 20 ಜನ ಬಂದು ಬಟ್ ಮೇಲಿನ ಕಳೆ ತೆಗೆದು ಕಲ್ಲು ಆರಿಸಿ ಮಣ್ಣು ಏರಿಸಿ ಕೊಡ್ಬೇಕು ಅಂತ ಷರತ್ತು ಹಾಕಿ. ಬಾಡಿಗೆಗಿಂತ ನಿಮಗೆ ಅದೇ ಲಾಭ, ಈಗ ಕೂಲಿಗೆ ಜನ ಎಲ್ಲಿ ಸಿಗ್ತಾರೆ. ಆ ದಿನ ಬಾರದವನಿಗೆ ಶಿಬಿರಕ್ಕೂ ಜಾಗ ಇಲ್ಲ. ಫ್ರೇಮಿಗೆ ಮುಂಗಡ ಠೇವಣಿ ತಗೊಳ್ಳಿ. 20 ಜನರಲ್ಲಿ ಇಬ್ಬರು ಸದಸ್ಯರಾಗಿ ಉಳಿದ್ರೂ ನಿಮ್ಮ ವರ್ಷ ಗೆದ್ದ ಹಾಗೆ.

ಮತ್ತೆ ತೋಟಾ ಲೆಕ್ಕ. ಒಬ್ಬನಿಗೆ 50 ಕೊಟ್ರೆ ಸಂಜೆ 50 ಖಾಲಿ ಕೇಸ್ ವಾಪಸ್ ಬರ್ಬೇಕು, ಹುಲ್ಲಲ್ಲಿ ಬಿದ್ದದ್ದನ್ನ ಹುಡುಕಿಸಿ. ಹಾರದೆ ಉಳಿದದ್ದು ಇದ್ರೆ ನಳಿಗೆ ಬಟ್ ಕಡೆಗೇ ಹಿಡಿದು 30 ಸೆಕೆಂಡ್ ಕಾದು ಬೋಲ್ಟ್ ತೆಗೆಸಿ, ಅದನ್ನ ಬೇರೆ ಡಬ್ಬಿಗೆ ಹಾಕಿ ಪುಸ್ತಕದಲ್ಲಿ ಬರೀರಿ. ಲೆಕ್ಕ ಸರಿ ಬರೋ ತನಕ ಗೇಟ್ ತೆಗೀಬೇಡಿ, ಒಳಗೆ ಇರೋದು ನಾನೇ ಆದ್ರೂ.